ರಾತ್ರಿಗೆ ಇಳಿಯಬೇಕಾದದ್ದು

ವಿಜಯವಾಡ
12 ಜೂನ್ 2025

ಜಾಹ್ನವಿ,

ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗೋಣವೆಂದರೆ ಪೆನ್ನು ಅಲ್ಲೇ ನಿಲ್ಲುತ್ತಿದೆ. ಕ್ಷೇಮವಿಲ್ಲ. ನೀನು ಇವರ ತಂಗಿ, ನನಗೆ ನಾದಿನಿ. ಆದರೆ ಅದಕ್ಕಿಂತ ಹೆಚ್ಚಾಗಿ ವಿಶಾಖಪಟ್ಟಣದ ಆಸ್ಪತ್ರೆಯ ಲ್ಯಾಬಿನಲ್ಲಿ ದಿನಬೆಳಗಾದರೆ ಜನರ ರಕ್ತ ನೋಡುವವಳು. ಅದಕ್ಕೇ ಬರೆಯುತ್ತಿದ್ದೇನೆ. ಈ ಎರಡು ಕೋಣೆಯ ಮನೆಯಲ್ಲಿ ಫೋನಿನಲ್ಲಿ ಪಿಸುಗುಟ್ಟಿದರೂ ಇವರಿಗೆ ಕೇಳುತ್ತದೆ. ಇವರು ಬ್ಯಾಂಕಿಗೆ ಹೋದ ಮೇಲೆ ಮಾಡೋಣವೆಂದರೆ ನೀನು ಕೆಲಸದಲ್ಲಿರುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ನನ್ನ ಫೋನು ತೆಗೆದು ಓದುತ್ತಾರೆ. ಕಾಗದವಾದರೆ ತರಕಾರಿಗೆ ಹೋದಾಗ ಡಬ್ಬಿಗೆ ಹಾಕಿ ಬಂದರಾಯಿತು.

ಬೆಳಿಗ್ಗೆ ಇವರು ಹಲ್ಲುಜ್ಜುವಾಗ ಫೋನನ್ನು ಬೇಸಿನ್ನಿನ ಅಂಚಿನಲ್ಲೇ ಇಟ್ಟುಕೊಂಡಿರುತ್ತಾರೆ. ರೀಜನಲ್ ಆಫೀಸಿನ ಗ್ರೂಪಿನಲ್ಲಿ ಅಷ್ಟು ಹೊತ್ತಿಗೇ ಶುರು. ನಿನ್ನೆ ಯಾವ ಬ್ರಾಂಚು ಎಷ್ಟು ಇನ್ಶೂರೆನ್ಸ್ ಪಾಲಿಸಿ ಮಾರಿತು, ಯಾವ ಮ್ಯಾನೇಜರು ಸೊನ್ನೆ ಸುತ್ತಿದ. ಫೋನು ಟುಂಯ್ ಎಂದ ತಕ್ಷಣ ಇವರು ಓಕರಿಸುತ್ತಾರೆ. ಪೇಸ್ಟಿನ ನೊರೆ, ಹಳದಿ ಪಿತ್ತ, ಎಲ್ಲ ಒಟ್ಟಿಗೆ. ಆಮೇಲೆ ಬಾಯಿ ಒರೆಸಿಕೊಂಡು ‘ಗುಡ್ ಮಾರ್ನಿಂಗ್ ಸರ್’ ಎಂದು ಟೈಪ್ ಮಾಡುತ್ತಾರೆ. ನಾನು ಬೇಸಿನ್ನು ತೊಳೆಯುತ್ತೇನೆ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಇವರ ಜ್ವರ, ವಾಂತಿ, ಭೇದಿ ಎಲ್ಲ ನೋಡಿದ್ದೇನೆ, ಯಾವತ್ತೂ ಹೇಸಿದವಳಲ್ಲ. ಈಗ ಹೇಸಿಗೆಯಾಗುತ್ತದೆ. ಇವರ ಮೇಲೋ, ಆ ಗುಡ್ ಮಾರ್ನಿಂಗಿನ ಮೇಲೋ ಗೊತ್ತಿಲ್ಲ.

ಮುಖ ಊದಿ ದುಂಡಗಾಗಿದೆ. ಹೊಟ್ಟೆ ಮುಂದಕ್ಕೆ ಬಂದಿದೆ, ಕೈಕಾಲು ಮಾತ್ರ ನುಗ್ಗೆಕಾಯಿ. ಸಕ್ಕರೆ ಕಾಯಿಲೆಯ ಮಾತ್ರೆ ಶುರುವಾಗಿ ವರ್ಷವಾಯಿತು, ಬಿಪಿಗೆ ಒಂದಿದ್ದದ್ದು ಎರಡಾಯಿತು. ಊಟಕ್ಕೆ ಕೂತವರು ಅನ್ನ ಕಲಸಿಟ್ಟು ಎದ್ದು ಬಿಡುತ್ತಾರೆ. ಆಮೇಲೆ ಕಳ್ಳನ ಹಾಗೆ ಅಡುಗೆಮನೆಗೆ ಹೋಗಿ ಸಿಹಿತಿಂಡಿಯ ಡಬ್ಬಿಯಿಂದ ಪೂತರೇಕುಲು ತೆಗೆದು ನಿಂತಲ್ಲೇ ಮುಕ್ಕುತ್ತಾರೆ. ಸಿಹಿಯ ಪುಡಿ ಬನಿಯನ್ನಿನ ಮೇಲೆಲ್ಲ ಉದುರಿರುತ್ತದೆ, ಬೆಳಿಗ್ಗೆ ಇರುವೆ.

ಹೋದ ವಾರ ಮೇಲಿನ ಸಾಹೇಬರೊಬ್ಬರು ವಿಡಿಯೋ ಮೀಟಿಂಗಿನಲ್ಲಿ ಎಲ್ಲ ಮ್ಯಾನೇಜರುಗಳ ಎದುರು ಇವರನ್ನು ‘ದುನ್ನಪೋತು’ ಎಂದರು. ಕೋಣ ಎಂದರ್ಥ. ಇವರು ‘ಯೆಸ್ ಸರ್’ ಎಂದರು. ಅವತ್ತು ನನ್ನ ಸಾರಿಗೆ ಉಪ್ಪು ಕಮ್ಮಿಯಾಗಿತ್ತು. “ಇಡೀ ದಿನ ಮನೇಲಿ ಬಿದ್ಕೊಂಡಿರ್ತೀಯ, ಒಂದು ಸಾರು ಮಾಡಕ್ಕೆ ಬರಲ್ವಾ? ಕೋಣನ್ ತಂದು” ಎಂದರು. ತಟ್ಟೆ ಗೋಡೆಗೆ ಹೋಯಿತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದು ಇದಕ್ಕೇ. ತೆಲುಗಿನ ಬೈಗುಳ ಕನ್ನಡವಾಗಿ ಅದೇ ದಿನ ಮನೆ ಮುಟ್ಟಿತು. ಮಾರನೆಯ ದಿನ ಸುಮ್ಮನೆ ಬಂದು ಗೋಡೆಯ ಕಲೆ ತಾವೇ ಒರೆಸಿದರು. ಅದನ್ನು ನೋಡಿದರೆ ಇನ್ನೂ ಸಂಕಟ.

ಅರ್ಪಿತಾ ಮೈಸೂರಿನ ಹಾಸ್ಟೆಲಿನಿಂದ ರಜೆಗೂ ಬರುವುದಿಲ್ಲ. “ಅಲ್ಲಿಗೆ ಬಂದ್ರೆ ನಂಗೆ ಹೊಟ್ಟೆನೋವು ಬರತ್ತಮ್ಮ” ಎನ್ನುತ್ತಾಳೆ. ಹೆತ್ತ ಮಗಳ ಬಾಯಲ್ಲಿ ಈ ಮಾತು.

ನನ್ನದಿರಲಿ ಬಿಡು. ನನಗೂ ಬೆಳಗಿನ ಜಾವ ಎಚ್ಚರವಾದರೆ ಎದೆ ಡವಡವ ಎನ್ನುತ್ತದೆ, ಕೂದಲು ಬಾಚಣಿಗೆಗೆ ಕಿತ್ತು ಬರುತ್ತದೆ, ಸ್ಕೂಟರಿನ ಸದ್ದು ಕೇಳಿದರೆ ಕೈಯಲ್ಲಿದ್ದದ್ದು ಬೀಳುತ್ತದೆ. ಅದೆಲ್ಲ ವಯಸ್ಸಿನದು. ಇವರದ್ದು ಏನು ಎಂದು ಹೇಳು. ಅಕ್ಟೋಬರಿನಲ್ಲಿ ಚೀಫ್ ಮ್ಯಾನೇಜರ್ ಪ್ರಮೋಷನ್ನಿನ ಇಂಟರ್‌ವ್ಯೂ ಇದೆಯಂತೆ. ಅಲ್ಲಿಯವರೆಗೆ ಇವರು ಉಳಿಯುತ್ತಾರೋ ಇಲ್ಲವೋ ಎಂದೇ ನನಗೆ ಭಯ. ಏನಾದರೂ ಆದರೆ ಬ್ಯಾಂಕಿನವರು ಹಾರ ಹಿಡಿದುಕೊಂಡು ಬಂದು ಮೌನ ಆಚರಿಸಿ ಹೋಗುತ್ತಾರೆ. ಆ ಮೌನದಲ್ಲೂ ಯಾರದ್ದೋ ಜೇಬಿನಲ್ಲಿ ಟುಂಯ್ ಎನ್ನುತ್ತದೆ.

ನಿನ್ನ ಅತ್ತಿಗೆ,
ಕಮಲಾಕ್ಷಿ


ವಿಶಾಖಪಟ್ಟಣ
24 ಜೂನ್ 2025

ಅತ್ತಿಗೆ,

ನಿಮ್ಮ ಕಾಗದ ಓದಿ ಮಧ್ಯಾಹ್ನದ ಡಬ್ಬಿ ಹಾಗೇ ಮುಚ್ಚಿಟ್ಟೆ. ಅಣ್ಣ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ತುಮಕೂರಿನ ಬೀದಿಯೆಲ್ಲ ಸುತ್ತಿಸಿದವನು. ಅವನು ತಟ್ಟೆ ಎಸೆದನೆಂದರೆ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ನನಗೆ ತಿಳಿದಷ್ಟು ಹೇಳುತ್ತೇನೆ. ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಒಂದೊಂದು ಚಿಕ್ಕ ಗ್ರಂಥಿ ಇದೆ. ಅಪಾಯ ಬಂತು ಎಂದು ಮೆದುಳು ಹೇಳಿದರೆ ಅವು ಕಾರ್ಟಿಸಾಲ್ ಎಂಬ ಹಾರ್ಮೋನು ಬಿಡುತ್ತವೆ. ಅದು ರಕ್ತಕ್ಕೆ ಸಕ್ಕರೆ ಸುರಿದು, ಮೈಯನ್ನು ಓಟಕ್ಕೆ ಸಿದ್ಧಮಾಡುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಅದು ಬೇಕು. ನಾಯಿ ಹೋದ ಮೇಲೆ ಅದೂ ಇಳಿಯಬೇಕು. ಬೆಳಿಗ್ಗೆ ಏಳುವ ಹೊತ್ತಿಗೆ ಎಲ್ಲರಿಗೂ ಅದು ಏರಿರುತ್ತದೆ, ರಾತ್ರಿ ಮಲಗುವ ಹೊತ್ತಿಗೆ ಇಳಿದು ತಳ ಕಾಣುತ್ತದೆ. ಅಣ್ಣನ ನಾಯಿ ಅವನ ಜೇಬಿನಲ್ಲೇ ಇದೆ, ದಿನವಿಡೀ ಬೊಗಳುತ್ತದೆ. ಇಳಿಯುವುದಾದರೂ ಯಾವಾಗ?

ವರ್ಷಗಟ್ಟಲೆ ಇಳಿಯದೆ ನಿಂತರೆ ಅದು ಒಳಗಿನಿಂದಲೇ ತಿನ್ನಲು ಶುರುಮಾಡುತ್ತದೆ. ಸಕ್ಕರೆ, ಬಿಪಿ ಏರುತ್ತವೆ, ಕೊಬ್ಬು ಹೊಟ್ಟೆಯಲ್ಲಿ ಸೇರುತ್ತದೆ, ತೋಳು ತೊಡೆ ಸೊರಗುತ್ತವೆ. ನಿದ್ದೆ ಹೋಗುತ್ತದೆ. ಮೂಳೆ ಟೊಳ್ಳಾಗುತ್ತದೆ, ಹೆಂಗಸರಿಗೆ ಮುಟ್ಟು ಏರುಪೇರಾಗುತ್ತದೆ, ಗಂಡಸರಿಗೂ ಅವರ ಹಾರ್ಮೋನು ಕುಗ್ಗುತ್ತದೆ. ಸಣ್ಣ ಗಾಯ ಬೇಗ ಮಾಯುವುದಿಲ್ಲ. ಇದೆಲ್ಲ ಒಂದೇ ದಿನ ಆಗುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಗ್ರಂಥಿಯಲ್ಲಿ ಗಡ್ಡೆಯಾದರೂ ಹೀಗೇ ಆಗಬಹುದು. ಊಹೆಯ ಮೇಲೆ ಏನೂ ಹೇಳಬಾರದು, ಪರೀಕ್ಷೆ ಮಾಡಲೇಬೇಕು.

ರಕ್ತ ಬೇಡ, ಸೂಜಿ ಎಂದರೆ ಅಣ್ಣ ಬರುವುದಿಲ್ಲ. ಎಂಜಲು ಸಾಕು. ನಾಲ್ಕು ಸಣ್ಣ ಕೊಳವೆಗಳನ್ನು ಪಾರ್ಸೆಲ್ ಮಾಡಿದ್ದೇನೆ, ಒಂದೊಂದರಲ್ಲೂ ಹತ್ತಿಯ ಉಂಡೆ ಇದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಒಂದೊಂದನ್ನು ಚೆನ್ನಾಗಿ ಅಗಿದು ಕೊಳವೆಗೆ ಹಾಕಿ ಮುಚ್ಚಬೇಕು. ಅದಕ್ಕೆ ಮುಂಚೆ ಸ್ವಲ್ಪ ಹೊತ್ತು ಏನೂ ತಿನ್ನಬಾರದು. ಕೊಳವೆಗಳನ್ನು ಫ್ರಿಜ್ಜಿನಲ್ಲಿಟ್ಟು, ನಾನು ಕಳಿಸಿದ ಐಸ್ ಪೊಟ್ಟಣದ ಜೊತೆ ಕೊರಿಯರ್ ಮಾಡಿ. ನಿಮಗೆ ಮಡಿ ಮೈಲಿಗೆಯ ಕಷ್ಟ ಎಂದು ಗೊತ್ತು. ಮೊಸರಿನ ಪಕ್ಕ ಇಡಬೇಡಿ, ಅಷ್ಟೇ.

ನಿಮ್ಮ
ಜಾಹ್ನವಿ


ವಿಜಯವಾಡ
22 ಜುಲೈ 2025

ಜಾಹ್ನವಿ,

ಕೊಳವೆಗಳು ಇವತ್ತು ಕೊರಿಯರಿನಲ್ಲಿ ಹೊರಟವು. ತಡವಾಯಿತು, ಕ್ಷಮಿಸು. ಮನೆಯಲ್ಲಿ ಅದಕ್ಕೊಂದು ಕುರುಕ್ಷೇತ್ರವೇ ನಡೆಯಿತು.

ಪಾರ್ಸೆಲ್ ನೋಡಿದ್ದೇ ಇವರು ಮೂಗು ಮುರಿದರು. “ಎಂಜಲನ್ನ ಡಬ್ಬಿಗೆ ತುಂಬಿ ತಂಗಿಗೆ ಕಳಿಸೋದಾ? ಅವಳಿಗೆ ತಲೆ ನೆಟ್ಟಗಿದ್ಯಾ?” ಎಂದರು. ಎರಡು ವಾರ ಪೊಟ್ಟಣ ಟಿವಿಯ ಮೇಲೇ ಕೂತಿತ್ತು. ಆಮೇಲೊಂದು ದಿನ ತಾವಾಗಿಯೇ ಬಂದು, “ನಂಬರ್ ಎಷ್ಟು ಬಂದ್ರೆ ಪಾಸು?” ಎಂದು ಕೇಳಿದರು. ಪಾಸು ಫೇಲು ಇಲ್ಲ, ಕಾಯಿಲೆ ಇದೆಯೋ ಇಲ್ಲವೋ ಅಷ್ಟೇ ಎಂದೆ. “ಎಲ್ಲದಕ್ಕೂ ಪಾಸು ಫೇಲು ಇದ್ದೇ ಇರತ್ತೆ” ಎಂದು ಕೊಳವೆಯ ಮೇಲೆ ಚೆಂದದ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ರಮಾಕಾಂತ, ನಾಲ್ಕು ಸಲ. ಬ್ಯಾಂಕಿನವರ ಅಕ್ಷರ ಮಾತ್ರ ಯಾವತ್ತೂ ಕೆಡುವುದಿಲ್ಲ ನೋಡು.

ಭಾನುವಾರ ನಾಲ್ಕೂ ಮುಗಿಯಿತು. ಒಣ ಹತ್ತಿ ಅಗಿಯುವುದೆಂದರೆ ಬಾಯಿಗೆ ಹಾಸಿಗೆ ತುರುಕಿದಂತೆ, ಥೂ.

ಆಮೇಲೆ ಫ್ರಿಜ್ಜಿನ ಪ್ರಸಂಗ. ಕೆಳಗಿನ ಮನೆಯ ಓನರಮ್ಮ ಸೀತಾಮಹಾಲಕ್ಷ್ಮಿಯವರ ಫ್ರಿಜ್ಜು ಕೆಟ್ಟಿದೆ, ಅವರ ಮೊಸರು, ಗೋಂಗುರ ಸೊಪ್ಪಿನ ಚಟ್ನಿ ಎಲ್ಲ ನಮ್ಮದರಲ್ಲಿ. ನಾನು ಕೊಳವೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದಕ್ಕೆ ಮತ್ತೊಂದು ಡಬ್ಬಿ ಹಾಕಿ, ತಳದಲ್ಲಿ ತರಕಾರಿಯ ಹಿಂದೆ ಇಟ್ಟಿದ್ದೆ. ನಮ್ಮಮ್ಮ ಇದ್ದಿದ್ದರೆ ಫ್ರಿಜ್ಜನ್ನೇ ಬೀದಿಗೆ ಇಡಿಸುತ್ತಿದ್ದಳು. ಸೀತಾಮಹಾಲಕ್ಷ್ಮಿಯವರು ಹಸಿಮೆಣಸಿನಕಾಯಿ ಹುಡುಕುತ್ತಾ ಅದನ್ನೇ ಎತ್ತಿ, “ಇದೇಮಿಟಮ್ಮಾ?” ಎಂದರು. ಔಷಧಿ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿಯೋ, ನಿಜ ಹೇಳಿಬಿಟ್ಟಿತು. “ಎಂಗಿಲಾ?” ಎಂದವರೇ ತಮ್ಮ ಮೊಸರಿನ ಪಾತ್ರೆ ತೆಗೆದುಕೊಂಡು ಹೋಗಿ, ನನಗೆ ಕಾಣುವ ಹಾಗೆ ಅಂಗಳದ ಮೋರಿಗೆ ಸುರಿದರು. ಅವರ ಮೇಲೆ ಕೋಪವಿಲ್ಲ. ನಾನೂ ಆ ತಳದ ಖಾನೆಯನ್ನು ಎರಡು ಸಲ ತೊಳೆದೆ.

ಉತ್ತರ ಬೇಗ ಬರೆ. ಬರೆಯುವುದನ್ನು ಇವರಿಗೇ ಬರೆ, ನನಗಲ್ಲ. ನಾನು ಹೇಳಿದರೆ ಕೇಳುವವರಲ್ಲ.

ಕಮಲಾಕ್ಷಿ


ವಿಶಾಖಪಟ್ಟಣ
5 ಆಗಸ್ಟ್ 2025

ಅಣ್ಣ,

ಇದನ್ನು ಬ್ರಾಂಚಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಬಾಗಿಲು ಹಾಕಿಕೊಂಡು ಓದು.

ನಿನ್ನ ಪರೀಕ್ಷೆಯ ಫಲಿತಾಂಶ ಚೆನ್ನಾಗಿಲ್ಲ. ಬೆಳಿಗ್ಗೆ ಏರಿರಬೇಕಾದಷ್ಟು ಏರಿಲ್ಲ, ಮಲಗುವಾಗ ಇಳಿಯಬೇಕಾದದ್ದು ಇಳಿದೇ ಇಲ್ಲ, ಇರಬೇಕಾದ ಮಿತಿಯ ಎರಡರಷ್ಟಿದೆ. ಹಗಲು ರಾತ್ರಿಯ ವ್ಯತ್ಯಾಸವೇ ಮೈಗೆ ಮರೆತುಹೋದಂತೆ ಗ್ರಾಫಿನ ಗೆರೆ ಚಪ್ಪಟೆಯಾಗಿದೆ. ನಂಬಿಕೆ ಬರದೆ ಎರಡನೆಯ ಸಲ ಮಷಿನ್ನಿಗೆ ಹಾಕಿದೆ, ಅದೇ ಬಂತು.

ಒಂದು ದಿನದ ಎಂಜಲಿನಿಂದ ರೋಗ ಇಂಥದ್ದೇ ಎನ್ನಲು ಆಗುವುದಿಲ್ಲ. ನಮ್ಮ ಹಾರ್ಮೋನಿನ ಡಾಕ್ಟರಿಗೆ ತೋರಿಸಿದೆ. “ಮೊದಲು ಗಡ್ಡೆ ಇದ್ಯಾ ನೋಡೋಣ. ಇಲ್ದೇ ಇದ್ರೆ ಇವರ ಬದುಕಲ್ಲೇ ಏನೋ ಇದೆ” ಎಂದರು. ನೀನು ಇಲ್ಲಿಗೆ ಬರಬೇಕು, ಈ ತಿಂಗಳೇ. ಸ್ಕ್ಯಾನ್ ಆಗಬೇಕು, ಮೂಳೆ ನೋಡಬೇಕು. ಇಂಟರ್‌ವ್ಯೂ ಅದು ಇದು ಎನ್ನಬೇಡ. ಅಪ್ಪ ಐವತ್ತೆರಡಕ್ಕೆ ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ, ನೀನೇ ಕೈಹಿಡಿದುಕೊಂಡಿದ್ದೆ. ಈಗ ಕೈಹಿಡಿಯಲು ಬೇರೆ ಯಾರೂ ಇಲ್ಲ.

ಹೀಗೇ ಬಿಟ್ಟರೆ ಎದೆಗೋ ಮೂಳೆಗೋ ಮೆದುಳಿಗೋ ಯಾವುದಕ್ಕೆ ಮೊದಲು ಬೀಳುತ್ತದೆ ಎನ್ನುವುದಷ್ಟೇ ಪ್ರಶ್ನೆ. ಬಾ.

ನಿನ್ನ ತಂಗಿ,
ಜಾಹ್ನವಿ


ವಿಜಯವಾಡ
14 ಆಗಸ್ಟ್ 2025

ಜಾಹ್ನವಿ,

ನಿನ್ನ ಕಾಗದ ಓದಿದೆ. ಕುಡಿಯಲು ನೀರು ತರಿಸಿದೆ. ಆಮೇಲೆ ನೆನಪಾಯಿತು, ನನ್ನ ತಲೆಗಿಷ್ಟು ಬೆಂಕಿ ಹಾಕ. ಅದು ನನ್ನದಲ್ಲ.

ನಡೆದದ್ದು ಇಷ್ಟು. ಪ್ರಮೋಷನ್ ಆದರೆ ಮೆಡಿಕಲ್ ಫಿಟ್ನೆಸ್ ಕೇಳುತ್ತಾರೆ. ಎಲ್ಲಾದರೂ ಒಂದು ಕೆಟ್ಟ ನಂಬರು ನನ್ನ ಹೆಸರಿನಲ್ಲಿ ಬಿದ್ದರೆ ಯಾರ ಬಾಯಿಂದ ಯಾರ ಕಿವಿಗೆ ಹೋಗುತ್ತದೋ. ಮಾಡಿಸದಿದ್ದರೆ ನೀನೂ ಬಿಡುವುದಿಲ್ಲ, ಇವಳೂ ಬಿಡುವುದಿಲ್ಲ. ಮಾರ್ಚ್ ಕೊನೆಯಲ್ಲಿ ನಾವು ಬೇರೆಯವರ ಡೆಪಾಸಿಟ್ಟನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದು ಬ್ರಾಂಚಿನ ಮುಖ ತೊಳೆದು ತೋರಿಸುವುದಿಲ್ಲವೇ, ಎಲ್ಲರೂ ಮಾಡುವುದೇ ಅದು. ಹಾಗೆ ಕಮಲಾಗೆ ಹೇಳಿದೆ: “ನೀನು ಮನೇಲೇ ಇರ್ತೀಯ, ನಿಂಗೇನು ಟೆನ್ಷನ್ನು? ನಿಂದು ಚೆನ್ನಾಗಿ ಬರತ್ತೆ. ನೀನೇ ಅಗಿದು ಹಾಕು.” ಮೊದಲು ಆಗುವುದಿಲ್ಲ ಎಂದಳು, ಆಮೇಲೆ ಹಾಕಿದಳು. ನಾಲ್ಕೂ ಅವಳದ್ದೇ.

ಆದ್ದರಿಂದ ಗಾಬರಿ ಬೀಳಬೇಡ. ಒಂದು ಗಳಿಗೆ ಜೀವ ಹೋದಂತಾಗಿತ್ತು. ಮನೆದೇವರ ದಯೆ, ಪಾರಾದೆ. ನಿಮ್ಮ ಮಷಿನ್ನನ್ನೂ ಒಮ್ಮೆ ರಿಪೇರಿ ಮಾಡಿಸುವುದು ಒಳ್ಳೆಯದು. ಕಮಲಾಗೆ ಏನೂ ಇಲ್ಲ, ಚೆನ್ನಾಗಿದ್ದಾಳೆ. ಇದನ್ನು ಬರೆಯುತ್ತಿರುವಾಗ ಬಿಸಿ ಉಪ್ಪಿಟ್ಟು ತಂದಿಟ್ಟು ಹೋದಳು.

ಇಂಟರ್‌ವ್ಯೂ ಅಕ್ಟೋಬರ್ ಎರಡನೆಯ ವಾರ. ನಿನ್ನ ಹಾರೈಕೆ ಇರಲಿ.

ರಮಾಕಾಂತ


ವಿಶಾಖಪಟ್ಟಣ
18 ಆಗಸ್ಟ್ 2025

ಅಣ್ಣ,

ಪಾರಾದೆ ಎಂದು ಬರೆದಿದ್ದೀಯ. ಆ ಪದವನ್ನು ನೋಡುತ್ತಾ ಕೂತಿದ್ದೆ. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಮಷಿನ್ನು ಸರಿಯಾಗಿದೆ. ಗಡ್ಡೆ ಇದೆಯೋ ನೋಡಬೇಕಾದದ್ದು ಅತ್ತಿಗೆಗೆ. ಮೂಳೆ ನೋಡಬೇಕಾದದ್ದು ಅತ್ತಿಗೆಗೆ. ಅದೇ ಕಾಗದ, ಅದೇ ನಂಬರು. ನಿನ್ನ ಹೆಸರಿನಲ್ಲಿದ್ದಾಗ ನಿನಗೆ ನೀರು ಬೇಕಾಯಿತು, ಅವರ ಹೆಸರಿಗೆ ಹೋದ ತಕ್ಷಣ ಮಷಿನ್ನು ಕೆಟ್ಟಿತು. ನಿನ್ನದೂ ಚೆನ್ನಾಗಿರಲಾರದು. ಆದರೆ ಅದು ಯಾರಿಗೂ ಗೊತ್ತಿಲ್ಲ, ಯಾಕೆಂದರೆ ನೀನು ನೋಡಲೇ ಬಿಡಲಿಲ್ಲ.

ಅವರನ್ನು ಕಳಿಸು. ನೀನು ಕಳಿಸದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಬೀದಿಯವರೆಲ್ಲ ನೋಡುವ ಹಾಗೆ.

ಜಾಹ್ನವಿ


ವಿಜಯವಾಡ
2 ಸೆಪ್ಟೆಂಬರ್ 2025

ಜಾಹ್ನವಿ,

ಮೊನ್ನೆ ನೀನು ಫೋನಿನಲ್ಲಿ ಅತ್ತೆ. ನನಗೆ ಅಳು ಬರಲಿಲ್ಲ. ಒಲೆಯ ಮೇಲೆ ಒಗ್ಗರಣೆ ಇತ್ತು, ಹೂಂ ಎಂದು ಫೋನಿಟ್ಟು, ಸಾರಿಗೆ ಒಗ್ಗರಣೆ ಹಾಕಿ, ಇವರಿಗೆ ಬಡಿಸಿದೆ. ಆಮೇಲೆ ಬಚ್ಚಲಿಗೆ ಹೋಗಿ ಕೂತೆ.

ಯಾಕೆ ಅಗಿದೆ ಎಂದು ಕೇಳಿದೆಯಲ್ಲ. ಯಾಕೆಂದು ಹೇಳಲಿ? ಬೇಡ ಎಂದೆ, ನಿಮ್ಮದೇ ಪರೀಕ್ಷೆ, ನನ್ನದು ಕಳಿಸಿದರೆ ಏನು ಬಂತು ಎಂದೆ. ಮುಖ ಕೆಂಪಾಯಿತು, ಧ್ವನಿ ಏರಿತು. ಧ್ವನಿ ಏರಿದರೆ ನಾನು ಏನನ್ನಾದರೂ ಬಾಯಿಗೆ ಹಾಕಿಕೊಳ್ಳುತ್ತೇನೆ, ಹತ್ತಿಯೇ ಆಗಲಿ. ಅಷ್ಟೇ ವಿಷಯ. ಅಗಿಯುವಾಗ ನಮ್ಮ ಮದುವೆಯ ದಿನ ನೆನಪಾಯಿತು. ಇವರು ಉಂಡು ಎದ್ದ ಎಲೆಯಲ್ಲೇ ನನ್ನನ್ನು ಕೂರಿಸಿ ಬಡಿಸಿದರು, ಗಂಡನ ಎಂಜಲು ಪ್ರಸಾದ ಎಂದು ದೊಡ್ಡತ್ತೆ ಹೇಳಿದರು. ಅರ್ಧ ಕಚ್ಚಿದ ಹೋಳಿಗೆ ಇತ್ತು ಎಲೆಯಲ್ಲಿ. ಕಣ್ಣುಮುಚ್ಚಿ ನುಂಗಿದೆ. ಈಗ ನನ್ನ ಎಂಜಲು ಅವರ ಹೆಸರು ಹೊತ್ತು ನಿನ್ನ ಹತ್ತಿರ ಬಂತು. ಲೆಕ್ಕ ಸಮವಾಯಿತು ಎಂದು ನಗು ಬಂದಿತ್ತು ಅವತ್ತು. ಈಗ ನೆನೆದರೆ ಅಸಹ್ಯ, ನನ್ನ ಮೇಲೇ ಅಸಹ್ಯ.

ಇನ್ನೊಂದು ಹೇಳುತ್ತೇನೆ, ಅದಕ್ಕೆ ಇನ್ನೂ ಹೇಸಿಗೆಯಾಗುತ್ತದೆ. ನಿನ್ನ ಮೊದಲ ಕಾಗದದಲ್ಲಿ ಹೆಂಗಸರ ಮುಟ್ಟು, ಟೊಳ್ಳು ಮೂಳೆ ಎಂದೆಲ್ಲ ಬರೆದಿದ್ದೆ. ನಾನು ಅದನ್ನು ಓದಿದೆ, ಓದಿ ಇವರಿಗೆ ಯಾವುದು ಅನ್ವಯಿಸುತ್ತದೆ ಎಂದು ಮಾತ್ರ ಹುಡುಕಿದೆ. ನನಗೆ ಮುಟ್ಟು ನಿಂತದ್ದು ನಲವತ್ತೆರಡಕ್ಕೆ. ಹೋದ ವರ್ಷ ಬಚ್ಚಲಲ್ಲಿ ಜಾರಿ ಸುಮ್ಮನೆ ಕೈಯೂರಿದ್ದಕ್ಕೆ ಮಣಿಕಟ್ಟು ಮುರಿಯಿತು, ಮಗುವಿನ ಹಾಗೆ ಬಿದ್ದಿದ್ದೆ ಅಷ್ಟೇ. ಬೆರಳಿಗೆ ಈಳಿಗೆಮಣೆ ತಾಗಿದ ಗಾಯ ಎರಡು ತಿಂಗಳು ಕೀವಾಗುತ್ತಲೇ ಇತ್ತು. ಎಲ್ಲವನ್ನೂ ವಯಸ್ಸು ಎಂದು ಒರೆಸಿ ಹಾಕಿದೆ. ಇವರ ಹೊಟ್ಟೆ ಎಷ್ಟು ಮುಂದೆ ಬಂತೆಂದು ದಿನವೂ ನೋಡಿದವಳು ಕನ್ನಡಿಯಲ್ಲಿ ಕುಂಕುಮ ಇಡುವಷ್ಟು ಜಾಗ ಮಾತ್ರ ನೋಡಿಕೊಂಡೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಹಾಕಿಸಿಕೊಂಡ ಎಮ್ಮೆ ಎತ್ತಿನ ಜ್ವರ ಎಷ್ಟಿದೆ ಎಂದು ಊರವರನ್ನೆಲ್ಲ ಕೇಳುತ್ತಿತ್ತು. ನೀನು ಇವರ ಜೇಬಿನಲ್ಲಿ ನಾಯಿ ಇದೆ ಎಂದೆ. ನನಗೆ ಜೇಬೂ ಬೇಕಾಗಲಿಲ್ಲ. ಮೆಟ್ಟಿಲ ಮೇಲೆ ಇವರ ಚಪ್ಪಲಿಯ ಸದ್ದೇ ಸಾಕು.

ನಾನು ಬರುತ್ತೇನೆ ಎಂದಾಗ ಇವರು ಕೇಳಿದ ಮೊದಲ ಮಾತು, “ಇಂಟರ್‌ವ್ಯೂ ಮುಗಿಯೋವರೆಗೂ ತಡಿಯಕ್ಕಾಗಲ್ವಾ? ಊಟಕ್ಕೇನ್ ಮಾಡ್ಲಿ ನಾನು?” ನಾನು ಜಗಳ ಆಡಲಿಲ್ಲ. ಸೀತಾಮಹಾಲಕ್ಷ್ಮಿಯವರಿಗೆ ಹೇಳಿ ಕ್ಯಾರಿಯರ್ ಊಟ ಗೊತ್ತುಮಾಡಿದೆ. ಮೊಸರು ಸುರಿದ ಪುಣ್ಯಾತ್ಗಿತ್ತಿ ನನ್ನ ಕೈ ಹಿಡಿದು, “ನುವ್ವು ವೆಳ್ಳಮ್ಮಾ” ಎಂದರು. ನೀನು ಹೋಗು ಎಂದು.

ಭಾನುವಾರ ರತ್ನಾಚಲ ಎಕ್ಸ್‌ಪ್ರೆಸ್ಸಿಗೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಬಾ.

ಕಮಲಾಕ್ಷಿ


ಮಧುರವಾಡ, ವಿಶಾಖಪಟ್ಟಣ
20 ನವೆಂಬರ್ 2025

ರೀ,

ಮೆಸೇಜು ನೋಡಿದೆ. ಚೀಫ್ ಮ್ಯಾನೇಜರ್ ಆಗಿದ್ದೀರಿ, ಗುಂಟೂರಿಗೆ ಹಾಕಿದ್ದಾರೆ, ದೊಡ್ಡ ಕ್ವಾರ್ಟರ್ಸ್ ಇದೆ, ಬೇಗ ಬಾ ಎಂದಿದ್ದೀರಿ. ಕೆಳಗೆ ಕೈಮುಗಿದ ಚಿತ್ರ ಬೇರೆ. ಸಂತೋಷ. ಇದನ್ನು ಫೋನಿನಲ್ಲಿ ಹೇಳಿದರೆ ಮಧ್ಯದಲ್ಲೇ ನಿಮಗೆ ಬೇರೆ ಕಾಲ್ ಬರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ಕ್ಯಾನ್ ಆಯಿತು, ಗಡ್ಡೆ ಇಲ್ಲ. ಮೂಳೆ ಅರುವತ್ತು ದಾಟಿದ ಮುದುಕಿಯದರ ಹಾಗಿದೆಯಂತೆ, ಅದು ಪೂರ್ತಿ ವಾಪಸು ಬರುವುದಿಲ್ಲ. ಬಿಪಿ ಇದೆ. ಬಂದ ಮೊದಲ ದಿನ ಡಾಕ್ಟರು ನಿಮ್ಮ ಚಿಂತೆ ಏನಮ್ಮಾ ಎಂದು ಕೇಳಿದರು. ಇವರ ಟಾರ್ಗೆಟ್ಟು, ಇವರ ಸಕ್ಕರೆ, ಇವರ ಇಂಟರ್‌ವ್ಯೂ ಎಂದು ಹೇಳುತ್ತಾ ಹೋದೆ. ಅವರು ಪೆನ್ನು ಕೆಳಗಿಟ್ಟು, ಇದೆಲ್ಲ ಅವರದ್ದಾಯಿತು, ನಿಮ್ಮದು ಹೇಳಿ ಎಂದರು. ಬಾಯಿ ತೆರೆದೆ. ಒಂದೂ ಬರಲಿಲ್ಲ. ನಲವತ್ತನಾಲ್ಕು ವರ್ಷದ ಹೆಂಗಸಿಗೆ ತನ್ನದು ಎಂದು ಹೇಳಿಕೊಳ್ಳಲು ಒಂದು ಚಿಂತೆಯೂ ಇಲ್ಲ. ನನಗೆ ಅಲ್ಲೇ ಕುರ್ಚಿಯ ಮೇಲೆ ನಾಚಿಕೆಯಾಯಿತು.

ಇಲ್ಲಿ ಬಂದ ಹೊಸದರಲ್ಲಿ ಜಾಹ್ನವಿ ಬಾಗಿಲು ತೆಗೆದರೂ ಬೆಚ್ಚಿ ಏಳುತ್ತಿದ್ದೆ. ಒಂದು ಭಾನುವಾರ ಅವಳು ಭೀಮುನಿಪಟ್ಟಣಕ್ಕೆ ಕರೆದುಕೊಂಡು ಹೋದಳು. ದಂಡೆಯುದ್ದಕ್ಕೂ ಮೀನು ಒಣಗಲು ಹಾಕಿದ್ದರು. ಆ ವಾಸನೆಗೆ ಸೆರಗು ಮೂಗಿಗೆ ಒತ್ತಿಕೊಂಡು, ಇಲ್ಲಿ ಯಾರಮ್ಮ ಕೂರುತ್ತಾರೆ ಎಂದೆ. ಕೂತೆ. ಕೂತಲ್ಲೇ ಗೋಡೆಗೊರಗಿ ನಿದ್ದೆ ಹೋದೆ. ಎದ್ದಾಗ ಬಿಸಿಲು ಇಳಿದಿತ್ತು, ಜಾಹ್ನವಿ ಎಬ್ಬಿಸಿರಲಿಲ್ಲ. ಹಾಗೆ ಮಲಗಿ ಎಷ್ಟು ವರ್ಷವಾಗಿತ್ತೋ. ಅರ್ಪಿತಾ ದೀಪಾವಳಿಗೆ ಇಲ್ಲಿಗೇ ಬಂದಿದ್ದಳು. ಹೊಟ್ಟೆನೋವು ಎನ್ನಲಿಲ್ಲ, ಮೂರು ಹೊತ್ತೂ ತಿಂದಳು.

ನಿಮ್ಮ ಮೇಲೆ ದ್ವೇಷವಿಲ್ಲ. ನಿಮ್ಮನ್ನು ಕೋಣ ಎಂದವರು ಯಾರೋ, ಅವರನ್ನು ಹಾಗೆಂದವರು ಇನ್ಯಾರೋ. ಮೇಲಿನಿಂದ ಸುರಿಯುತ್ತಾ ಬರುವ ಹೊಲಸು ಅದು, ನನಗೆ ಗೊತ್ತು. ಆದರೆ ಎಲ್ಲಕ್ಕಿಂತ ಕೆಳಗಿದ್ದವಳು ನಾನು, ನನ್ನ ಕೆಳಗೆ ಮೋರಿ ಇರಲಿಲ್ಲ. ಇಷ್ಟು ದಿನ ನಿಮ್ಮ ಹೆಂಡತಿಯಾಗಿ ಅದನ್ನು ಹಿಡಿದಿಟ್ಟುಕೊಂಡೆ. ಇನ್ನು ಆಗುವುದಿಲ್ಲ. ಈ ಪ್ರಮೋಷನ್ ಬೇಡ, ಫೋನಿಲ್ಲದ ಯಾವುದಾದರೂ ಮೂಲೆಯ ಕುರ್ಚಿ ಕೊಡಿ ಎಂದು ನೀವು ಬರೆದುಕೊಟ್ಟ ದಿನ ತಿಳಿಸಿ, ಬಂದು ಅಡುಗೆ ಮಾಡುತ್ತೇನೆ. ಬರೆದುಕೊಡದಿದ್ದರೆ ಗುಂಟೂರಿನಲ್ಲೂ ಕ್ಯಾರಿಯರ್ ಊಟ ಸಿಗುತ್ತದೆ.

ಹೋದ ವಾರ ಮತ್ತೆ ಪರೀಕ್ಷೆ ಮಾಡಿಸಿದರು. ಈ ಸಲ ನನ್ನ ಹೆಸರಿನಲ್ಲೇ. ನಿನ್ನೆ ಫಲಿತಾಂಶ ಬಂತು. ಬೆಳಿಗ್ಗೆ ಏರಿದೆ, ರಾತ್ರಿ ಇಳಿದಿದೆ, ಎಲ್ಲರಿಗೆ ಇರುವ ಹಾಗೇ ಇದೆ. ಡಾಕ್ಟರು ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡಿ, ಇದಕ್ಕೆ ಯಾವ ಔಷಧಿ ತೆಗೆದುಕೊಂಡಿರಿ ಎಂದು ಕೇಳಿದರು. ಇದಕ್ಕೆ ಯಾವುದೂ ಇಲ್ಲ ಎಂದೆ. ಮತ್ತೆ ಹೇಗೆ ಇಳಿಯಿತು ಎಂದರು. ಜಾಹ್ನವಿ ನೆಲ ನೋಡುತ್ತಿದ್ದಳು. ಎಷ್ಟಾದರೂ ನಿಮ್ಮ ತಂಗಿ. ನಾನೇ ಹೇಳಬೇಕಾಯಿತು, ನಮ್ಮ ಮನೆಯವರನ್ನು ಬಿಟ್ಟು ಬಂದು ಎರಡೂವರೆ ತಿಂಗಳಾಯಿತು ಎಂದು.

ಅವರು ಪೆನ್ನು ತೆಗೆದುಕೊಂಡರು. ಚೀಟಿಯಲ್ಲಿ, ಇದೇ ಚಿಕಿತ್ಸೆ ಮುಂದುವರಿಸಿ ಎಂದು ಬರೆದಿದ್ದಾರೆ.

ಕಮಲಾಕ್ಷಿ